ಅಯ್ಯಮ್ಮನ ಮೂರು ಪತ್ರ

ಮಸ್ಕಿಯ ಲಾಲಪ್ಪ ಬೋಧಕರ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ. ಮೂರನೆಯ ಸಲವೂ ಫೇಲಾದವನಿಗೆ ನಾಲ್ಕನೆಯದಿಲ್ಲ. ಅದು ಮಿಷನ್ನಿನ ಕಾಯಿದೆ. ಮೂರು ವರ್ಷದಿಂದ ಅವನು ಮಸ್ಕಿಯ ಪ್ರಾರ್ಥನಾ ಮನೆಗೆ ಹಂಗಾಮಿ ಬೋಧಕ. ಈ ಸಲ ತಪ್ಪಿದರೆ ಆ ಜಾಗ ಬೇರೆಯವರಿಗೆ ಹೋಗಿ, ಅವನು ಮತ್ತೆ ಸಂತೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಓದುಬರಹ ಬಾರದವರ ಪತ್ರ ಬರೆಯುತ್ತ ಕೂರಬೇಕು. ಹನ್ನೆರಡು ವರ್ಷ ಅದನ್ನೇ ಮಾಡಿದ್ದ. ಕೆಟ್ಟ ಕಸುಬೇನಲ್ಲ. ಆದರೆ ನಲವತ್ತು ಜನರೆದುರು ನಿಂತು ಮಾತಾಡಿದ ಬಾಯಿ, ಇನ್ನೊಬ್ಬರ ಮಾತಿಗೆ ಕೈಯಾಗಿ ಸುಮ್ಮನೆ ಕೂರುತ್ತದೆಯೇ?

ಪರೀಕ್ಷೆಗೆ ಲಿಂಗಸುಗೂರಿಗೆ ಹೊರಟ ಬಂಡಿಯಲ್ಲಿ ಅಯ್ಯಮ್ಮನೂ ಬುತ್ತಿ ಕಟ್ಟಿಕೊಂಡು ಹತ್ತಿದಳು. ಮಸ್ಕಿಯ ಕ್ರೈಸ್ತ ಸಭೆಗೆಲ್ಲ ಹಿರಿಯಳು ಈ ವಿಧವೆ. ಮಗ ಪಂಪಣ್ಣ ಹೈದರಾಬಾದಿನ ಗಿರಣಿಯಲ್ಲಿದ್ದ. ತಾಯಿ ಬರೆಸಿ ಕಳಿಸಿದ ಪತ್ರಗಳನ್ನು ಅವನು ರಜೆಗೆ ಬಂದಾಗ ವಾಪಸು ಕೊಟ್ಟು ಹೋಗಿದ್ದ. ಅವು ಅವಳ ಅರಿಷಿಣದ ಚೀಲದಲ್ಲೇ ಇರುತ್ತಿದ್ದವು. ತನ್ನ ಪತ್ರ ತಾನೇ ಕೇಳಿ ಸುಖಪಡುವುದು ಅವಳ ಚಟ. ದಾರಿಯುದ್ದಕ್ಕೂ ಲಾಲಪ್ಪನಿಂದ ಓದಿಸಿದಳು.

ಪರೀಕ್ಷಕರು ಬಸವಂತರಾಯರು. ಗ್ರೀಕ್ ಬಲ್ಲವರು, ಚಾಳೀಸು ಮೂಗಿನ ತುದಿಗೆ ಇಟ್ಟುಕೊಂಡೇ ಮನುಷ್ಯನನ್ನು ಅಳೆಯುವವರು. ಅಲ್ಲಿಯ ಸಭೆಯವರೆಲ್ಲ ಕೂತು ಕೇಳುವ ಬಾಯಿಪರೀಕ್ಷೆ.

“ತಿಮೊಥೆಯನಿಗೆ ಬರೆದ ಎರಡನೇ ಪತ್ರ ಯಾರದು? ಯಾವ ಕಾಲದ್ದು?”

ಉತ್ತರ ಲಾಲಪ್ಪನಿಗೆ ಗೊತ್ತಿತ್ತು. ಮಳೆಗಾಲದ ತರಬೇತಿಯಲ್ಲಿ ರಾಯರೇ ಹೇಳಿಕೊಟ್ಟಿದ್ದರು: ಬೈಬಲಿನಲ್ಲಿ ಪೌಲನ ಹೆಸರಿನಲ್ಲಿರುವ ಆ ಪತ್ರದ ಭಾಷೆ ಅವನದಲ್ಲ, ಅವನ ಬೇರೆ ಪತ್ರಗಳಲ್ಲಿಲ್ಲದ ಮಾತು ಅದರಲ್ಲಿ ರಾಶಿ ಇವೆ, ಆದ್ದರಿಂದ ಅವನು ಸತ್ತು ಎಷ್ಟೋ ವರ್ಷದ ಮೇಲೆ ಯಾರೋ ಅವನ ಹೆಸರಲ್ಲಿ ಬರೆದದ್ದು. ಅಷ್ಟು ಒಪ್ಪಿಸಿದ್ದರೆ ಪಾಸು. ಆದರೆ ಹಾಳು ನಾಲಗೆ ಏಳಲಿಲ್ಲ. ಭಾಷೆ ನೋಡಿ ಪತ್ರ ಯಾರದೆಂದು ಹೇಳುವುದಾದರೆ, ಅವನು ಸಂತೆಯಲ್ಲಿ ಬರೆದ ಸಾವಿರಾರು ಪತ್ರಗಳಲ್ಲಿ ತಾಯಂದಿರದು, ಹೆಂಡಂದಿರದು ಒಂದೂ ಇಲ್ಲ, ಎಲ್ಲ ಲಾಲಪ್ಪನವೇ. ಅವರ ಕಣ್ಣೀರು ಕಂಡವನಿಗೆ ಆ ಮಾತು ಹೇಳಲು ನಾಚಿಕೆಯಾಯಿತು.

“ಯಾರದು ಅಂತ ಆಣಿ ಮಾಡಿ ಹೇಳಲಾರೆ ರೀ. ಆದ್ರ ಭಾಷಾ ಬ್ಯಾರೆ ಅಂತ ಮನಿಷಾನೂ ಬ್ಯಾರೆ ಅನ್ನೂದು ನಾ ಒಪ್ಪಂಗಿಲ್ರಿ. ಪೌಲ ರೋಮಾಪುರದವರಿಗೆ ಕಳಿಸಿದ ಪತ್ರದಾಗ ಬರಕೊಂಡವನೇ ನಡುವ ಬಾಯಿ ಹಾಕಿ ತನ್ನ ವಂದನಿ ಹೇಳ್ಯಾನ, ತೆರ್ತ್ಯ ಅಂತ ಅವನ ಹೆಸರು. ಪೌಲ ಹೇಳ್ತಿದ್ದ, ಬ್ಯಾರೆಯವರು ಬರೀತಿದ್ರು.”

“ಬರೆಯುವವನು ಹೇಳಿದ್ದನ್ನ ಬರೀತಾನ, ತನ್ನ ಭಾಷಾ ತುರುಕಂಗಿಲ್ಲ,” ಎಂದು ರಾಯರು ಚಾಳೀಸು ಸರಿಮಾಡಿಕೊಂಡರು.

ಸಂತೆಯಲ್ಲಿ ಒಂದು ದಿನವಾದರೂ ಕೂತಿದ್ದರೆ ಆ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಲಾಲಪ್ಪ ಹಿಂದೆ ತಿರುಗಿ ಕೈ ಚಾಚಿದ. “ಬೇ ಅಯ್ಯಮ್ಮ, ಚೀಲ ಕೊಡಬೇ.”

ಮೂರು ಪತ್ರ ತೆಗೆದು, ಹೆಸರಿದ್ದ ಮೇಲಂಚನ್ನೂ ಗುರುತಿದ್ದ ಕೆಳಂಚನ್ನೂ ಮಡಚಿ ಮೇಜಿನ ಮೇಲಿಟ್ಟ. “ಇವು ಎಷ್ಟು ಮಂದಿಯವು, ಯಾವ ಕಾಲದವು, ಹೇಳ್ರಿ.”

ರಾಯರಿಗೆ ಉಮೇದು ಬಂತು. ‘ಖೈರಿಯತ್’, ‘ಫಿಕರ್’ ಎಂದಿದ್ದ ಮೊದಲನೆಯದು ಕಚೇರಿಯ ಯಾರೋ ಸಾಹೇಬರದು. ‘ಕೃಪೆಯೂ ಸಮಾಧಾನವೂ’ ಎಂದು ಶುರುವಾದದ್ದು ಉಪದೇಶಿಯದು. ‘ಉಭಯಕುಶಲೋಪರಿ ಸಾಂಪ್ರತ’ ಎಂದಿದ್ದ ಮೂರನೆಯದನ್ನು ಬೆಳಕಿಗೆ ಹಿಡಿದರು. “ಇದು ಪಂಡಿತರದು. ಕಾಗದ ಹಳದಿಗಟ್ಟ್ಯದ. ಮೂವತ್ತು ವರ್ಷಕ್ಕೆ ಕಡಿಮಿ ಇಲ್ಲ. ಮೂರು ಪತ್ರ, ಮೂರು ಮಂದಿ.”

ಅಯ್ಯಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. “ಅದು ಅರಿಷಿಣರಿ ಯಪ್ಪಾ! ಮೊನ್ನಿ ಉಗಾದಿಗೆ ಸಾಲಿ ಮಾಸ್ತರ ಕೈಲೆ ಬರಸಿದ್ದು. ಆ ಖೈರಿಯತ್ ಅಂದದ್ದು ನಮ್ಮೂರ ಮಲೀಕಸಾಬ ಬರದಿದ್ದು, ಕೃಪೆ ಅಂದದ್ದು ನಮ್ಮ ಲಾಲಪ್ಪ. ಮೂರೂ ನನ್ನವ. ನನ್ನ ಮಗಗ ನಾ ಹೇಳಿದ್ದು.”

ಲಾಲಪ್ಪ ಮಡಿಕೆ ಬಿಚ್ಚಿದ. ಮೂರರ ಕೆಳಂಚಿಗೂ ಒಂದೇ ಗುರುತು: ನಾಲ್ಕು ಚುಕ್ಕಿ, ನಡುವೆ ಒಂದು, ಸುತ್ತ ಸೊಟ್ಟ ಗೆರೆ. ಅಯ್ಯಮ್ಮ ಮುಂಗೈ ಮೇಜಿನ ಮೇಲೆ ಚಾಚಿದಳು. ಹುಡುಗಿಯಾಗಿದ್ದಾಗ ಹಾಕಿಸಿಕೊಂಡ ಹಚ್ಚೆ, ಅದೇ ನಾಲ್ಕು ಚುಕ್ಕಿ, ಅದೇ ಗೆರೆ.

“ಮಾತು ಅವ್ರದ ಇರ್ಲಿ ರೀ, ಕಡೀಕ ಇದನ್ನ ನಾನ ಹಾಕ್ತೀನಿ. ಆಗ ಬರಿಯೋ ಲೆಕ್ಕಣಿಕಿ ಪರರ ಕೈಗೆ ಕೊಡಂಗಿಲ್ಲ.”

“ಪೌಲನೂ ಹಂಗ ಮಾಡ್ಯಾನ್ರಿ,” ಎಂದ ಲಾಲಪ್ಪ. “ಇದು ನನ್ನ ಕೈಬರಹ, ಎಲ್ಲಾ ಪತ್ರಕ್ಕೂ ಇದ ಗುರ್ತು ಅಂದಾನ.”

ರಾಯರು ಸುಲಭಕ್ಕೆ ಸೋಲುವ ಕುಳವಲ್ಲ. “ಗುರುತನ್ನ ಯಾರು ಬೇಕಾದ್ರೂ ನಕಲು ಮಾಡಬಹುದು.”

“ಮಾಡ್ಲಿರಿ,” ಎಂದಳು ಅಯ್ಯಮ್ಮ. “ಮಲೀಕಸಾಬ ಬರದದ್ದರಾಗ ಕಡೀ ಮಾತು ಓದ್ರಿ.”

ರಾಯರು ಓದಿದರು: “ಸಿಂಧನೂರಾಗ ನಿನ್ನ ಅತ್ತಿ ಮನ್ಯಾಗ ನನ್ನ ಹಳೇ ಕಂಬಳಿ ಬಿಟ್ಟೀನಿ. ಇಲಿ ಕಡದಾವ, ಆದ್ರೂ ಬರೂ ಮುಂದ ತಗೊಂಡ ಬಾ. ಚಳಿ ಬೀಳೂದ್ರಾಗ ಬಾ.”

“ಸುಳ್ಳ ಪತ್ರ ಬರಿಯಾವ ದೊಡ್ಡ ದೊಡ್ಡ ಮಾತು ಬರೀತಾನ್ರಿ. ಇಲಿ ಕಡದ ಕಂಬಳಿ ಯಾಕ ಕೇಳ್ತಾನ?” ಎಂದಳು ಅಯ್ಯಮ್ಮ.

ರಾಯರು ತಮ್ಮ ಗ್ರೀಕ್ ಬೈಬಲು ತೆಗೆದು ಆ ಎರಡನೇ ಪತ್ರದ ಕೊನೆಗೆ ಹೋದರು. ಸೆರೆಮನೆಯಲ್ಲಿ ಕೂತ ಮುದುಕ ಅಲ್ಲಿ ತಿಮೊಥೆಯನಿಗೆ, ತ್ರೋವ ಎಂಬ ಊರಲ್ಲಿ ಒಬ್ಬನ ಮನೆಯಲ್ಲಿ ಬಿಟ್ಟ ಮೇಲಂಗಿ ತಗೊಂಡು ಬಾ, ಚಳಿಗಾಲಕ್ಕೆ ಮುಂಚೆಯೇ ಬಾ ಎಂದು ಬೇಡುತ್ತಾನೆ. ಇಪ್ಪತ್ತು ವರ್ಷ ರಾಯರು ಅದರ ಶಬ್ದ ಎಣಿಸಿದ್ದರು. ಮುದುಕನಿಗೆ ಚಳಿಯಾಗುತ್ತಿದೆ ಎಂಬುದು ಈಗ ಹೊಳೆಯಿತು. ಚಾಳೀಸು ತೆಗೆದು ಕೆಳಗಿಟ್ಟರು.

“ಲಾಲಪ್ಪ, ಪತ್ರ ಪೌಲನದೇ ಅಂತ ನಾ ಇನ್ನೂ ಹೇಳಲಾರೆ.”

“ನಾನೂ ಹೇಳಿಲ್ರಿ.”

“ಆದ್ರ ಅವನದಲ್ಲ ಅಂತ ಇನ್ನ ಮ್ಯಾಲ ಅಷ್ಟು ಗಟ್ಟಿಯಾಗಿ ಕಲಿಸಂಗಿಲ್ಲ. ನೀ ಪಾಸು.” ಎದ್ದು ನಿಂತು, ಅಯ್ಯಮ್ಮನಿಗೆ ಕೈಮುಗಿದರು. ದೊಡ್ಡ ಮನುಷ್ಯರು, ಅನ್ನಲೇಬೇಕು.

ಮಸ್ಕಿಯ ಸಭೆ ಹಲಗೆ ಬಾರಿಸಿಕೊಂಡು ಬಂಡಿಯನ್ನು ಊರೊಳಗೆ ಕರೆದೊಯ್ದಿತು. ಲಾಲಪ್ಪ ಎಲ್ಲರೆದುರೂ ನಾಚಿಕೆಯಿಲ್ಲದೆ ಅತ್ತ. ಮರುದಿನ ಅಯ್ಯಮ್ಮ ಮಗನಿಗೆ ಸುದ್ದಿ ಬರೆಸಲು ಬಂದಳು. ಎಲ್ಲ ಹೇಳಿ ಮುಗಿಸಿ, ಗುರುತು ಹಾಕಲು ಲೆಕ್ಕಣಿಕೆ ಇಸಿದುಕೊಂಡವಳು, ತಡೆದು ಅದನ್ನು ಅವನ ಕೈಗೇ ತಿರುಗಿ ಕೊಟ್ಟಳು.

“ಅವ ಯಾರೋ ತೆರ್ತ್ಯ ನಡುವ ಬಾಯಿ ಹಾಕ್ಯಾನಂದ್ಯಲ್ಲ, ನೀನೂ ಹಾಕು.”

ಹನ್ನೆರಡು ವರ್ಷದ ಪತ್ರಗಳಲ್ಲಿ ಲಾಲಪ್ಪ ಒಮ್ಮೆಯೂ ತನ್ನ ಹೆಸರು ಬರೆದಿರಲಿಲ್ಲ. ಈಗ ದೊಡ್ಡ ಅಕ್ಷರದಲ್ಲಿ ಬರೆದ: ‘ಈ ಪತ್ರ ಬರೆದ ನನ್ನ ವಂದನೆಗಳು. ಲಾಲಪ್ಪ, ಮಸ್ಕಿಯ ಬೋಧಕ.’