ಹಸಿ ಕಾವು

ಅಮರಗೋಳದ ಮಾರ್ಕೆಟ್ ಯಾರ್ಡಿನ ಬದಿಗೆ ಹನುಮಂತಪ್ಪನ ಅಂಗಡಿ. ಕೊಡಲಿ, ಗುದ್ದಲಿ, ಸಲಿಕೆಗಳಿಗೆ ಮರದ ಕಾವು ಹಾಕುವುದು ಅವನ ಕೆಲಸ. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂದು ಗಿರಾಕಿಗಳು ಚೇಷ್ಟೆ ಮಾಡಿದರೆ, ನನ್ನ ಕುಲ ಸಾಕಿದ್ದೇ ಆ ಕಾವು ಎಂದು ಅವರ ಬಾಯಿ ಮುಚ್ಚಿಸುವವ. ಹಸಿ ಕಟ್ಟಿಗೆಯನ್ನು ಮಾತ್ರ ಅವನು ಮುಟ್ಟುತ್ತಿರಲಿಲ್ಲ. ಹಸಿ ಕಾವು ಒಣಗಿ ಸೊರಗುತ್ತದೆ, ಸೊರಗಿದರೆ ಕೊಡಲಿ ಸಡಿಲಾಗುತ್ತದೆ. ಅವಸರದವರಿಗೆ, “ಬ್ಯಾರೆ ಅಂಗಡಿ ನೋಡ್ರಿ” ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದ.

ಅಂಥವನು ಸ್ವಂತ ಮಗಳ ಕೊಡಲಿಗೆ ಹಸಿ ಜಾಲಿಯ ಕಾವು ಕೂಡಿಸಿದ.

ಸುಕನ್ಯಾಳಿಗೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ ಸಿಕ್ಕಿತ್ತು. ಮರುದಿನವೇ ಕಲಘಟಗಿ ಕಡೆಯ ಕಾಡಿಗೆ ಹೊರಡಬೇಕು, ವಸತಿಯೂ ಅಲ್ಲೇ. ದಾರಿಗೆ ಬಿದ್ದ ಕೊಂಬೆ ಕಡಿಯಲು ಅಪ್ಪನ ಕೈಯ ಕೊಡಲಿಯೇ ಬೇಕೆಂದಿದ್ದಳು. ಬೇಡವೆನ್ನಲು ಹನುಮಂತಪ್ಪನಿಗೆ ಬಾಯಿ ಬರಲಿಲ್ಲ, ಹೋಗಿ ಬಾ ಎನ್ನಲು ಮನಸ್ಸು ಬರಲಿಲ್ಲ. ನೌಕರಿಗೆ ಹೋದ ಮಕ್ಕಳು ಹಬ್ಬಕ್ಕೂ ಬಾರದ್ದನ್ನು ಓಣಿಯಲ್ಲಿ ಕಂಡಿದ್ದ. ಅವನ ಅಂಜಿಕೆ ಅದೇ ಆಗಿತ್ತು.

ಮಗಳು ಬೆಳೆದದ್ದೂ ಆ ಅಂಗಡಿಯಲ್ಲೇ. ಕೊಡಲಿ ಎತ್ತಿ ತೂಗಿ ನೋಡಿದಳು, ಕಾವಿನ ತುದಿಯನ್ನು ಉಗುರಿನಿಂದ ಕೆರೆದಳು.

“ಅಪ್ಪಾ, ಇದು ಹಸಿ ಐತಿ.”

“ಇರಲಿ ಬಿಡು. ಸಡ್ಲ ಆದಾಗ ತೊಗೊಂಡು ಬಾ, ಬೆಣಿ ಹೊಡದು ಕೊಡತೇನಿ.”

“ಆಮ್ಯಾಲ?”

“ಮತ್ತ ಸಡ್ಲ ಆಗತೈತಿ. ಮತ್ತ ಬಾ.”

ಸುಕನ್ಯಾಳಿಗೆ ಎಲ್ಲ ತಿಳಿಯಿತು. ನಗು ಬಂತು, ನಗಲಿಲ್ಲ.

“ಕಡಿಯೂ ಮುಂದ ಸುತ್ತ ಮಂದಿ ಇರತಾರ. ಕೊಡ್ಲಿ ಕಳಚಿ ಯಾರಿಗರ ಬಡದರ ಹೆಂಗ?”

ಹನುಮಂತಪ್ಪನಿಗೆ ನಾಚಿಕೆಯಾಯಿತು. ಇಷ್ಟು ವರ್ಷದ ಕಸುಬಿನಲ್ಲಿ ಯಾರೂ ಅವನಿಗೆ ಈ ಮಾತು ಹೇಳಿರಲಿಲ್ಲ. ಹಸಿ ಕಾವನ್ನು ಬಡಿದು ಹೊರಹಾಕಿದ. ಅಟ್ಟದಲ್ಲಿ ಒಣಗಿಸಿಟ್ಟಿದ್ದ ಜಾಲಿಯ ತುಂಡು ಇಳಿಸಿ, ಬಾಚಿಯಿಂದ ಕೆತ್ತಿ, ಗಾಜಿನ ಚೂರಿನಿಂದ ನುಣುಪಾಗುವಂತೆ ಹೆರೆದ. ಕೊಡಲಿಗೆ ಕೂಡಿಸಿ, ಬೆಣೆ ಹೊಡೆದು, ಕಲ್ಲಿಗೆ ಕುಟ್ಟಿ ನೋಡಿದ.

“ನೀ ರಿಟಾಯರ್ ಆಗೂ ಮಟಾ ಇದು ಸಡಲೂದಿಲ್ಲ” ಎಂದ. ಕೆಲಸ ಗಟ್ಟಿಯಾದದ್ದಕ್ಕೆ ಅವನು ಮೊದಲ ಸಲ ದುಃಖಪಟ್ಟ.

“ಸಡಲಲಿಲ್ಲಂದ್ರೂ ಬರತೇನಿ” ಎಂದಳು ಸುಕನ್ಯಾ. “ಆದ್ರ ಬಾ ಅಂತ ನೀ ಬಾಯಿಬಿಟ್ಟು ಹೇಳಬೇಕು.”

ಹನುಮಂತಪ್ಪ ನೆಲದ ಮೇಲೆ ಬಿದ್ದ ಕಟ್ಟಿಗೆಯ ಚೂರುಗಳನ್ನು ಒಂದು ಕಡೆ ಗುಡಿಸಿದ. ಗುಡಿಸಿದ್ದನ್ನೇ ಮತ್ತೆ ಗುಡಿಸಿದ.

“ಬಾರವಾ” ಎಂದ ಕಡೆಗೆ. “ತಿಂಗಳಿಗೊಮ್ಮಿಯರ ಬಾ. ನೀ ಇಲ್ಲಂದ್ರ ನನಗ ಹೊತ್ತು ಹೋಗೂದಿಲ್ಲ.”