ಉಷ್ಣದ ಮೈ

ಹೆಣಕ್ಕೆ ತೊಡಿಸಿದ ಅಂಗಿಯ ಕತ್ತಿನ ಗುಂಡಿ ಎಷ್ಟೆಳೆದರೂ ಕೂಡಲಿಲ್ಲ. ಬೀದಿಗೆಲ್ಲ ಅಳತೆ ಹಿಡಿದು ಹೊಲಿದವನು ತನಗೆ ಮಾತ್ರ ಅಂದಾಜಿನ ಮೇಲೆ ಕತ್ತರಿ ಆಡಿಸಿದ್ದ. ಹೆಂಡತಿ ಗುಂಡಿಯ ಗೋಜು ಬಿಟ್ಟು ಕಾಲರನ್ನಷ್ಟೇ ನೇರ ಮಾಡಿದಳು.

"ಹೋಗ್ಲಿ ಬಿಡಿ ಅತ್ತಿಗೆ," ಎಂದಳು ನಾದಿನಿ. "ಅಣ್ಣಂಗೆ ಇನ್ಯಾತರ ಅಂದಚಂದ."

ಯಾರು ಬಟ್ಟೆ ಕೇಳಲು ಬಂದರೂ "ನಾಳೆ ಬನ್ನಿ" ಅನ್ನುತ್ತಿದ್ದುದರಿಂದ ಅವನಿಗೆ ನಾಳೆ ಟೈಲರ್ ಅಂತಲೇ ಹೆಸರು. "ನನ್ನ ಮದುವೆ ಪ್ಯಾಂಟನ್ನ ಮಗು ಹುಟ್ಟಿದ ಮೇಲೆ ಕೊಟ್ಟ ಪುಣ್ಯಾತ್ಮ," ಎಂದ ಪಕ್ಕದಂಗಡಿಯವನು, ನಗುತ್ತಲೇ ಕಣ್ಣೊರೆಸಿಕೊಂಡ.

"ಅಣ್ಣಂಗೂ ಒಂದು ಮಗು ಅಂತ ಇದ್ದಿದ್ರೆ," ನಾದಿನಿ ಮೂಗೆಳೆದಳು. "ಏನ್ಮಾಡೋದು, ಅತ್ತಿಗೇದು ಮೊದಲಿಂದ್ಲೂ ಉಷ್ಣದ ಮೈ."

ಈ ಮಾತು ಕೇಳಿ ಕೇಳಿ ಹೆಂಡತಿಯ ತಲೆ ನರೆತಿತ್ತು. ಇವತ್ತೂ ಸುಮ್ಮನೆ ಎದ್ದು ನೀರು ತರಲು ಒಳಗೆ ಹೋದಳು.

ಅಡುಗೆಮನೆಯಲ್ಲಿ ನಾದಿನಿಯ ಮಗಳು, ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ, ಹೊಟ್ಟೆ ಹಿಡಿದು ಗೋಡೆಗೊರಗಿದ್ದಳು.

"ಏನಾಯ್ತೇ?"

"ಏನಿಲ್ಲ ಅತ್ತೆ. ನಂದೂ ನಿಮ್ಮ ಹಾಗೇ, ಉಷ್ಣ. ಒಂದಕ್ಕೆ ಹೋದ್ರೆ ಉರಿ, ಕೆಳಹೊಟ್ಟೆ ನೋವು. ಬಿಳಿ ಹೋಗತ್ತೆ, ಅದೂ ಹಳದಿಗೆ ತಿರುಗಿದೆ. ಅಮ್ಮ ಬಾರ್ಲಿ ನೀರು ಕುಡಿ ಅಂದಿದ್ದಾಳೆ."

ಅವಳು ಚೊಂಬನ್ನು ಕೆಳಗಿಟ್ಟು ಹುಡುಗಿಯ ಕೈ ಹಿಡಿದಳು.

*

ಅವಳೂ ವರ್ಷಗಟ್ಟಲೆ ಬಾರ್ಲಿ ನೀರು ಕುಡಿದವಳೇ. ಕಡೆಗೆ ನೋವು ತಡೆಯಲಾರದೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಹೇಳಿದ್ದರು: "ಇದು ಉಷ್ಣ ಅಲ್ಲಮ್ಮ, ಸೋಂಕು. ಗಂಡ ಹೆಂಡತಿ ಕೂಡೋದ್ರಿಂದ ಒಬ್ಬರಿಂದ ಒಬ್ಬರಿಗೆ ಬರತ್ತೆ. ಮಾತ್ರೆಗೆ ಹೋಗತ್ತೆ, ಆದ್ರೆ ಇಬ್ಬರೂ ತಗೋಬೇಕು. ವಾಸಿ ಆಗೋವರೆಗೆ ಬೇರೆ ಮಲಗಿ. ಬೇಗ ಬಂದಿದ್ರೆ ಗರ್ಭನಾಳ ಉಳೀತಿತ್ತು, ಮಕ್ಕಳೂ ಆಗ್ತಿದ್ವು."

ಅವಳು ಬೇರೆ ಗಂಡಸನ್ನು ಕಂಡವಳಲ್ಲ. ಮನೆಗೆ ಬಂದು ಗಂಡನ ಪಾಲಿನ ಮಾತ್ರೆಗಳನ್ನು ಹೊಲಿಗೆ ಯಂತ್ರದ ಮೇಲಿಟ್ಟು, "ಉಷ್ಣಕ್ಕೆ," ಎಂದಳು. ಯಾರ ಉಷ್ಣ, ತನಗ್ಯಾಕೆ ಎಂದು ಅವನು ಕೇಳಲಿಲ್ಲ. ತಲೆ ತಗ್ಗಿಸಿ ನುಂಗಿದ. ಆಗ ಅವಳಿಗೆ ಎಲ್ಲ ತಿಳಿಯಿತು.

ಅವನಾಗಿಯೇ ಹೇಳಲಿ ಎಂದು ಕಾದಳು. ಅದನ್ನೂ ಅವನು ನಾಳೆಗೇ ಇಟ್ಟ. ಆಮೇಲೆ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡ, ಸುಳ್ಳಲ್ಲ. ಆದರೆ ತಂಗಿ "ಉಷ್ಣದ ಮೈ" ಎಂದಾಗಲೆಲ್ಲ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದ. ಅವಳೂ ಬಾಯಿ ಬಿಡಲಿಲ್ಲ. ಗಂಡನ ಮಾನ ಉಳಿಸಿದೆ ಅಂದುಕೊಂಡಿದ್ದಳು. ಉಳಿಸಿದ್ದು ಆ ಹಾಳು ಮಾತನ್ನು. ಈಗ ಅದು ಈ ಹುಡುಗಿಯ ಬಾಯಲ್ಲಿ ಕೂತಿತ್ತು.

*

ವ್ಯಾನು ಬಂತು. ಹೆಣಕ್ಕೆ ಹೆಗಲು ಕೊಟ್ಟ ನಾಲ್ವರಲ್ಲಿ ಹುಡುಗಿಯ ಗಂಡನೂ ಒಬ್ಬ. ಅವಳು ಹುಡುಗಿಯ ಕೈ ಹಿಡಿದು ಹೊರಗೆ ಬಂದಾಗ, ಕಡೆಯ ಸಲ ಮುಖ ನೋಡಲಿ ಎಂದು ಎಲ್ಲರೂ ದಾರಿ ಬಿಟ್ಟರು. ಅವಳು ಹೋಗಿ ಚಪ್ಪಲಿ ಮೆಟ್ಟಿದಳು.

"ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಉಷ್ಣಕ್ಕೆ ಆಸ್ಪತ್ರೆಯಾ? ಹೆಣ ಎತ್ತಿರೋ ಹೊತ್ತಲ್ಲಿ?" ನಾದಿನಿ ಅಡ್ಡ ಬಂದಳು. "ನಾಳೆ ಹೋದ್ರಾಯ್ತು ಬಿಡಿ."

"ನಾಳೆ ಬೇಡ. ನನಗಿದ್ದದ್ದು ಉಷ್ಣ ಅಲ್ಲ ಕಣೇ. ನಿಮ್ಮಣ್ಣನಿಂದ ಬಂದ ಸೋಂಕು. ಇಬ್ಬರೂ ಬಾಯಿ ಹೊಲ್ಕೊಂಡು ಕೂತ್ವಿ. ಇವಳದ್ದೂ ಅದೇನಾ ಅಂತ ತೋರಿಸ್ಲೇಬೇಕು."

ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಡ ಬದುಕಿದ್ದಾಗಲೇ, ಅವನ ಎದುರಿಗೇ ಹೇಳಬೇಕಾಗಿದ್ದ ಮಾತಿದು.

"ಅಳಿಯಂದಿರೇ, ನೀವೂ ಬನ್ನಿ. ಒಬ್ಬರು ತೋರಿಸಿದ್ರೆ ಸಾಲದು."

ಅಳಿಯನ ಮುಖ ಕಪ್ಪಿಟ್ಟಿತು. ಏನು, ಯಾಕೆ ಎಂದು ಕೇಳಲಿಲ್ಲ. ಹೆಗಲು ತಗ್ಗಿಸಿ ಚಟ್ಟದಡಿಯಿಂದ ಮೆಲ್ಲಗೆ ಹೊರಗೆ ಸರಿದು ಹೆಂಡತಿಯ ಬಳಿ ಬಂದ. ಹೆಣ ಒಂದು ಪಕ್ಕಕ್ಕೆ ವಾಲಿತು, ಯಾರೋ ಓಡಿ ಬಂದು ಆ ಮೂಲೆ ಹಿಡಿದರು.