ಸೂಜಿಯ ಮೇಲೆ ಉಳಿದ ಟೋಪಿ

ಬೂಟಿನೊಳಗೆ ಕೈ ಹಾಕಿದರೆ ಇನ್ನೂ ಯಾರದೋ ಕಾಲಿನ ಬಿಸಿ, ಹಳೆಯ ಪತ್ರಿಕೆಯ ಹಾಳೆಯನ್ನು ಮುದುರಿ ತುದಿಯವರೆಗೆ ತುರುಕಬೇಕು, ಬೆರಳಿನ ಜಾಗಕ್ಕೆ ಒಂದು ಉಂಡೆ, ಹಿಮ್ಮಡಿಗೆ ಇನ್ನೊಂದು, ನಾಲಗೆ ಹೊರಗೆಳೆದು ಒಲೆಯ ಕಡೆಗೆ ತಿರುಗಿಸಿಡಬೇಕು, ತೀರಾ ಹತ್ತಿರವಾದರೆ ಅಟ್ಟೆ ಬಿಡುತ್ತದೆ, ದೂರವಾದರೆ ಬೆಳಗಿಗೂ ಒದ್ದೆ, ಮಾತಿಲ್ಲದೆ ಮಾಡುವ ಕೆಲಸ, ಅದಕ್ಕೇ ನನ್ನ ಪಾಲಿಗೆ ಬಂದದ್ದು, ನಮ್ಮ ಸತುರ್ನಿನಾಗೆ ಬೂಟೇ ಸರಿ ಕಣ್ರೋ, ಇವಳಿಗೆ ನಾಲಗೆ ಇಲ್ಲ, ಅದಕ್ಕಿದೆ, ಒಬ್ಬರಿಗೊಬ್ಬರು ಆಗ್ತಾರೆ ಎಂದು ಅಣ್ಣ ಕುದುರೆಯಾಳುಗಳ ಮುಂದೆ ನನ್ನನ್ನು ರೇಗಿಸುತ್ತಿದ್ದ—ರೇಗಿಸುತ್ತಿದ್ದ ಅಲ್ಲ, ರೇಗಿಸುತ್ತಾನೆ, ಹಾಗೇ ಹೇಳಬೇಕು, ನಾನೂ ಇದ್ದ ಇದ್ದ ಎನ್ನತೊಡಗಿದರೆ ಅವನ ಕಡೆಗೆ ಉಳಿಯುವವರು ಯಾರು. ಗೋಡೆಯಾಚೆ ಅತಿಥಿಗಳು ಕಾಲುಚೀಲದಲ್ಲಿ ಓಡಾಡುತ್ತಿದ್ದಾರೆ, ಹಲಗೆ ಕಿರುಗುಟ್ಟುತ್ತದೆ, ಇವತ್ತು ನಮ್ಮ ತಂಗುಮನೆಯಲ್ಲಿ ಮಲಗಿ ನಾಳೆ ಮೇಲಿನ ಘಟ್ಟ ದಾಟಿ ಆಚೆಯ ಹಳ್ಳಿಯ ತಂಗುಮನೆಗೆ ಹೋಗುವವರು, ಇವರು ಆವತ್ತು ಬಂದಿದ್ದ ಗುಂಪಿನವರಲ್ಲ, ಇವರಿಗೆ ಏನೂ ಗೊತ್ತಿಲ್ಲ, ಕಿಟಕಿಯಿಂದ ಹೊಳೆಯ ಕಡೆ ಬೆರಳು ತೋರಿಸಿ ನಗುತ್ತಿದ್ದಾರೆ, ಅಲ್ಲಿ ಹಬ್ಬವೇ ಎಂದು ಕೇಳುತ್ತಿರಬೇಕು, ಅಷ್ಟು ಜನ, ಬಂಡೆಗಳ ಮೇಲೆ ಅಷ್ಟು ಬಣ್ಣದ ಬಟ್ಟೆ. ಅದು ನಮ್ಮಣ್ಣ ನಿಕಾಸಿಯೋನ ಬಟ್ಟೆ. ಇವತ್ತು ಅವನ ಬಟ್ಟೆ ತೊಳೆಯುವ ದಿನ, ಧರ್ಮತಂದೆ ಸೆನೋಬಿಯೊ ಮೊಣಕಾಲವರೆಗೆ ನೀರಿನಲ್ಲಿ ನಿಂತು ನೊರೆಬೇರು ಜಜ್ಜಿ ತಿಕ್ಕುತ್ತಿದ್ದಾರೆ, ರಕ್ತಸಂಬಂಧದವರು ಆ ನೀರು ಮುಟ್ಟಬಾರದು, ಅವ್ವ ದಡದಲ್ಲಿ ಕುಳಿತಿದ್ದಾಳೆ, ಕೋಕಾ ಎಲೆ ಜಗಿಯುತ್ತಿದ್ದಾಳೆ, ಒಗೆದದ್ದೆಲ್ಲ ಒಣಗುವ ಹೊತ್ತಿಗೆ ಸತ್ತವನು ಎದ್ದು ತಿರುಗಿ ನೋಡದೆ ನಡೆದುಬಿಡುತ್ತಾನೆ, ಆಮೇಲೆ ಯಾರೂ ಅವನ ಹೆಸರೆತ್ತಿ ಕರೆಯಬಾರದು, ಕರೆದರೆ ನಿಂತುಬಿಡುತ್ತಾನೆ, ಅಲ್ಲೂ ಇಲ್ಲದೆ ಇಲ್ಲೂ ಇಲ್ಲದೆ. ಸತ್ತವನು. ಯಾರು ನೋಡಿದರು ಸತ್ತದ್ದನ್ನು, ಒಂದು ಬೆರಳಾದರೂ ಸಿಕ್ಕಿತೇ, ಒಂದು ಕೂದಲು.

ಇನ್ನೊಂದು ಬೂಟು, ಇದರ ಲೇಸಿನಲ್ಲಿ ಮಣ್ಣು ಗಟ್ಟಿಯಾಗಿದೆ, ಕೆಂಪು ಮಣ್ಣು, ಘಟ್ಟದ ಮೇಲಿನ ಪಾಳು ಇಂಕಾ ಮನೆಗಳ ಹತ್ತಿರ ಮಾತ್ರ ಸಿಗುವ ಮಣ್ಣಲ್ಲ ಇದು, ಇವರು ಇನ್ನೂ ಅಲ್ಲಿಗೆ ಹೋಗಿಲ್ಲ, ನಾಳೆ ಹೋಗುತ್ತಾರೆ, ಸೂರಿಲ್ಲದ ಗೋಡೆಗಳ ನಡುವೆ ನಿಂತು ಫೋಟೋ ತೆಗೆಯುತ್ತಾರೆ. ಅಲ್ಲೇ ಆ ಚೀಲ ಬಿದ್ದದ್ದು. ಆವತ್ತು ಆ ಗುಂಪು ಆಚೆ ಹಳ್ಳಿಯಿಂದ ಘಟ್ಟ ಇಳಿದು ಬಂದಾಗ ಮೋಡ ಆಗಲೇ ಬೆಟ್ಟದ ಭುಜಕ್ಕೆ ಬಂದಿತ್ತು, ಒಬ್ಬಾಕೆಯ ಚೀಲ ಕುದುರೆಯ ಮೇಲಿರಲಿಲ್ಲ, ಹಗ್ಗ ಸಡಿಲಾಗಿ ಜಾರಿತ್ತು, ಆಕೆ ಅಳುತ್ತಿದ್ದಳು, ಅದರಲ್ಲಿ ಔಷಧಿ ಇದೆಯಂತೆ, ಗೈಡ್ ಫೋರ್ತುನಾತೊ ಅಂಗಳದಿಂದಲೇ ಕೂಗಿದ, ನಿಕಾ, ಇನ್ನೂ ಬೆಳಕಿದೆ ಮಾರಾಯ, ಹಳೇ ಮನೆಗಳ ಹತ್ರಾನೇ ಬಿದ್ದಿರತ್ತೆ, ಒಂದೋಟ ಹೋಗಿ ತಗೊಂಡ್ಬಾ. ಅಣ್ಣ ಒಲೆಯ ಪಕ್ಕ ಕಾಲು ಚಾಚಿ ತನ್ನ ಹಕ್ಕಿಸಾಲಿನ ಟೋಪಿ ಹೆಣೆಯುತ್ತಿದ್ದ, ತಲೆಯೆತ್ತಲಿಲ್ಲ, ನಿನ್ ಹೊಟ್ಟೆ ಇಳಿಸ್ಬೇಕಲ್ಲ, ನೀನೇ ಹೋಗು ಎಂದ, ಎಲ್ಲರೂ ನಕ್ಕರು, ಫೋರ್ತುನಾತೊ ಕೂಡ, ಆಮೇಲೆ ಅಣ್ಣ ಎದ್ದ. ಎದ್ದೇ ಏಳುತ್ತಾನೆ ಅವನು, ಬೈದುಕೊಂಡು ಏಳುತ್ತಾನೆ. ಹೆಣಿಗೆಯನ್ನು ನನ್ನ ಮಡಿಲಿಗೆ ಹಾಕಿದ, ಸತು, ಇದನ್ನ ಇಟ್ಕೊ, ಒಂದು ಕುಣಿಕೆ ಜಾರಿದ್ರೂ ನಿನ್ನ ಕೊಲ್ತೀನಿ, ಬಂದು ಹಕ್ಕಿಗಳಿಗೆ ತಲೆ ಹಾಕ್ತೀನಿ ಎಂದ. ನಾನು ತಲೆಯಾಡಿಸಿದೆ. ಹುಷಾರು ಎನ್ನಲಿಲ್ಲ, ಬೇಗ ಬಾ ಎನ್ನಲಿಲ್ಲ, ನಾನು ಯಾರಿಗೂ ಏನೂ ಅನ್ನುವುದಿಲ್ಲ, ಅದು ಅವನಿಗೂ ಗೊತ್ತು. ಹಿಮ ಬಿತ್ತು. ಬೆಳಿಗ್ಗೆ ಅವನು ಕರೆದೊಯ್ದಿದ್ದ ಕುದುರೆ ಕನೇಲಾ ಒಬ್ಬಳೇ ಬಂದಳು, ಕಲ್ಲಿನ ಗೋಡೆಗೆ ಎದೆಯೊತ್ತಿ ನಿಂತಿದ್ದಳು, ಒಳಗೆ ಬಿಡಿ ಎನ್ನುವ ಕುದುರೆ ಹಾಗೆ ಅಲ್ಲ, ಏನನ್ನೋ ನೂಕುತ್ತಿರುವ ಹಾಗೆ, ಬೆನ್ನ ಮೇಲೆ ಆ ಚೀಲ, ಅಣ್ಣನ ಗಂಟು, ಎಡಗಡೆಯಿಂದ ತಿರುವಿ ಒಳಗೆ ಸಿಕ್ಕಿಸುವ ಗಂಟು, ಬೇರೆ ಯಾರೂ ಹಾಗೆ ಹಾಕುವುದಿಲ್ಲ. ಅಂದರೆ ಚೀಲ ಅವನಿಗೆ ಸಿಕ್ಕಿತು, ಕಟ್ಟಿದ, ಕೈ ಮರಗಟ್ಟುವ ಮುಂಚೆ ಕಟ್ಟಿದ, ಮನೆ ಕಡೆಗೆ ಮುಖ ತಿರುಗಿಸಿದ. ಚೀಲ ಕಳೆದುಕೊಂಡಿದ್ದಾಕೆ ಅದನ್ನು ಅಪ್ಪಿಕೊಂಡು ಏನೋ ಹೇಳಿದಳು, ಫೋರ್ತುನಾತೊ ಅದನ್ನು ನಮ್ಮ ಭಾಷೆಯಲ್ಲಿ ಹೇಳಿದ, ಅವನಿಗೆ ತುಂಬಾ ಉಪಕಾರವಾಯ್ತು ಅಂತ ತಿಳಿಸ್ಬೇಕಂತೆ. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಹುಡುಕಿದರು, ಹುಡುಕಲಿಲ್ಲ ಎನ್ನಲಾಗದು, ಹಳ್ಳಿಯ ಗಂಡಸರೆಲ್ಲ ಹೋದರು, ಕೋಲು ಹಿಡಿದು ಹಿಮ ಚುಚ್ಚುತ್ತ, ಮೊದಲು ಅಪುವಿಗೆ ಕೋಕಾ ಇಟ್ಟು, ಆ ಬೆಟ್ಟದೊಡೆಯನ ಮುಂದೆ ಟೋಪಿ ತೆಗೆದು. ಆದರೆ ಬಾಯಿ ಬಿಡಲಿಲ್ಲ. ಘಟ್ಟದ ಮೇಲೆ ಕೂಗುವಂತಿಲ್ಲ, ಕೂಗಿದರೆ ಅಪು ಬೆಚ್ಚಿ ಭುಜ ಕೊಡವುತ್ತಾನೆ, ಇನ್ನೊಂದು ರಾಶಿ ಹಿಮ ಇಳಿಯುತ್ತದೆ, ಇದು ಕೂಸುಗಳಿಗೂ ಗೊತ್ತು, ಲಾಮಾ ಹಿಂಡು ಕಾಯುವಾಗ ನಾವು ಅಲ್ಲಿ ಸಿಳ್ಳೆ ಕೂಡ ಹಾಕುವುದಿಲ್ಲ. ಅಷ್ಟು ಜನ, ಅಷ್ಟು ಹೊತ್ತು, ಯಾರೂ ಒಂದು ಸಲ ಅವನನ್ನು ಕರೆಯಲಿಲ್ಲ. ಬಂಡೆಯ ಮರೆಯಲ್ಲಿ ಕಾಲು ಮುರಿದು ಬಿದ್ದವನಿಗೆ ಏನು ಕೇಳಿಸಿರಬೇಕು, ಕೋಲಿನ ಸದ್ದು, ಕಚಕ್ ಕಚಕ್, ಯಾವುದೋ ಮೃಗ ಎಂದುಕೊಂಡಿರುತ್ತಾನೆ. ಅವ್ವ ಇಲ್ಲಿ ಅಂಗಳದಲ್ಲಿ ನಿಂತು ಅವನ ಅಂಗಿ ಬೀಸಿ ಬಾ ಮಗನೇ ಬಾ, ಮನೆಗೆ ಬಾ ಎಂದಳು, ಹೆದರಿದ ಮಗುವಿನ ಜೀವ ಕರೆಯುವ ಹಾಗೆ, ಆದರೆ ಅಂಗಳದಿಂದ ಘಟ್ಟಕ್ಕೆ ದನಿ ಮುಟ್ಟುತ್ತದೆಯೇ, ಕೋಳಿಗೂಡಿನವರೆಗೆ ಮುಟ್ಟಿರಬಹುದು.

ಟೋಪಿ ನನ್ನ ಲಂಗದ ಮಡಿಕೆಯಲ್ಲಿದೆ, ಬಗ್ಗಿದಾಗ ಸೂಜಿ ತೊಡೆಗೆ ಚುಚ್ಚುತ್ತದೆ, ಸೈಕಲ್ ಕಡ್ಡಿ ತಿಕ್ಕಿ ಮಾಡಿದ ಸೂಜಿಗಳು, ಚುಚ್ಚಲಿ. ಕೆಂಪು ನೆಲ, ಬಿಳಿ ಹಕ್ಕಿಗಳ ಸಾಲು, ಕಾಲು ಬಂದಿದೆ, ಹೊಟ್ಟೆ ಬಂದಿದೆ, ರೆಕ್ಕೆಯ ತುದಿ ಬಂದಿದೆ, ಕುತ್ತಿಗೆಯ ಹತ್ತಿರ ಎಲ್ಲ ಹಕ್ಕಿಗಳೂ ನಿಂತಿವೆ, ಆಮೇಲೆ ಬರೀ ಕುಣಿಕೆಗಳು, ಬಾಯಿ ತೆರೆದ ಕುಣಿಕೆಗಳು. ಆಚೆ ಹಳ್ಳಿಯ ಎದಿಲ್ಮಾಳ ಮನೆಗೆ ಹೆಣ್ಣು ಕೇಳಲು ಹೋಗುವಾಗ ಹಾಕಿಕೊಳ್ಳಬೇಕಿತ್ತು, ಗಂಡು ತನ್ನ ಟೋಪಿ ತಾನೇ ಹೆಣೆದಿರಬೇಕು, ಹೆಣ್ಣಿನ ಅಪ್ಪ ಅದನ್ನು ತಿರುವಿ ಒಳಮೈ ನೋಡುತ್ತಾನೆ, ಗಂಟು ಕಂಡರೆ ಮಾತು ಮುಗಿಯಿತು. ಕುದುರೆಯಾಳುಗಳು ಇವನನ್ನು ಬಿಡುತ್ತಿರಲಿಲ್ಲ, ಲೋ ನಿಕಾ, ಇಷ್ಟು ತೂತು ಇಟ್ರೆ ಮಾವ ಇದ್ರಲ್ಲಿ ಗಿಣ್ಣು ಸೋಸ್ತಾನೆ ಕಣೋ, ಅದಕ್ಕಿವನು, ಸೋಸ್ಲಿ ಬಿಡ್ರೋ, ಗಿಣ್ಣಾದ್ರೂ ಮಗಳಾದ್ರೂ ಒಂದು ನನಗೆ ಸಿಗತ್ತೆ. ಒಬ್ಬರ ಟೋಪಿಯನ್ನು ಇನ್ನೊಬ್ಬರು ಮುಗಿಸುವಂತಿಲ್ಲ. ನನಗೆ ಹೆಣೆಯಲು ಬರುತ್ತದೆ, ಅವನು ಬೆರಳಾಡಿಸುವುದನ್ನು ನೋಡಿ ನೋಡಿಯೇ ಕಲಿತೆ, ತಲೆಗಳು ಹೇಗೆ ಬರುತ್ತವೆ ಎಂದು ನನಗೆ ಗೊತ್ತು, ಮುಟ್ಟುವುದಿಲ್ಲ, ನಾನು ಮುಗಿಸಿದರೆ ಅವನು ಬರಲು ಕಾರಣವೇನು ಉಳಿಯಿತು. ಬ್ರಿಹಿದಾ ಚಿಕ್ಕಮ್ಮ ಅಡುಗೆಮನೆಯಿಂದ ಬಂದಳು, ಆಲೂಗಡ್ಡೆ ಸುಲಿದ ಕೈ, ಚಾಕು ಇನ್ನೂ ಕೈಯಲ್ಲೇ, ಬಾಗಿಲಿಗೆ ಒರಗಿ ನಿಂತಳು, ಸತು, ಹೊಳೆಯಿಂದ ಹೇಳಿ ಕಳಿಸಿದ್ದಾರೆ, ಎಲ್ಲ ಬಂತಂತೆ, ಟೋಪಿ ಒಂದು ಬಂದಿಲ್ವಂತೆ. ನಾನು ಪತ್ರಿಕೆ ಮುದುರಿದೆ. ನಿನ್ನನ್ನೇ ಕೇಳ್ತಿರೋದು ಹುಡುಗಿ, ಕಿವೀನೂ ಹೋಯ್ತಾ. ಅದು ಬಟ್ಟೆ ಅಲ್ಲ ಚಿಕ್ಕಮ್ಮ, ಇನ್ನೂ ಆಗಿಲ್ಲ ಅದು, ಎಂದೆ, ಎಂದೆನೋ ಬರೀ ಅಂದುಕೊಂಡೆನೋ, ಅವಳ ಮುಖ ನೋಡಿದರೆ ಅಂದಿರಬೇಕು. ಅವನ ಕೈ ಬೆವರು ಕುಡಿದಿದೆ ಅಲ್ವಾ, ಸಾಕು, ಒಂದು ಉಳಿದ್ರೂ ಅದಕ್ಕೋಸ್ಕರ ವಾಪಸ್ ಬರ್ತಾನೆ, ರಾತ್ರಿಯೆಲ್ಲ ಬಾಗಿಲು ಕೆರೀತಾನೆ, ನಿನಗೆ ಅದು ಬೇಕಾ. ಬೇಕು. ಕೆರೆಯಲಿ. ನಾನು ಬಾಗಿಲು ತೆಗೆಯುತ್ತೇನೆ. ಇದನ್ನು ಹೇಳಲಿಲ್ಲ, ಬೂಟಿನ ಬಾಯಿಗೆ ಇಡೀ ಹಾಳೆ ತುರುಕಿದೆ, ಅದರಲ್ಲಿ ಯಾರದೋ ಮದುವೆಯ ಚಿತ್ರವಿತ್ತು, ಮುದುಡಿ ಒಳಗೆ ಹೋಯಿತು. ಸ್ಕೂಲಿನಲ್ಲೂ ಹೀಗೇ, ಮೇಷ್ಟ್ರು ಹಾಜರಿ ಕೂಗಿದರೆ ಹಿಂದಿನ ಬೆಂಚಿನಿಂದ ಅಣ್ಣನೇ ಇದ್ದಾಳೆ ಸಾರ್ ಎನ್ನುತ್ತಿದ್ದ, ಎಲ್ಲರೂ ಕಿಸಕ್ಕನೆ ನಗುತ್ತಿದ್ದರು, ಅವನು ಸ್ಕೂಲು ಮುಗಿಸಿದ ವರ್ಷ ನಾನೂ ಬಿಟ್ಟೆ, ಹೇಳುವವರಿಲ್ಲದಿದ್ದರೆ ನಾನು ಇದ್ದೇನೆಂದು ಯಾರಿಗೆ ಗೊತ್ತಾಗಬೇಕು.

ಅವ್ವ ಬಂದಳು. ಹೊಳೆಯಿಂದ ಏರು ಹತ್ತಿ ಬಂದಳು, ಏದುಸಿರು ಬಿಡುತ್ತ, ಕೈ ಒಣಗಿತ್ತು, ಆ ನೀರು ಮುಟ್ಟಿಲ್ಲ ಅವಳು, ಕಣ್ಣು ಕೂಡ ಒಣಗಿತ್ತು, ನನ್ನ ಎದುರು ಕುಕ್ಕರಗಾಲಲ್ಲಿ ಕುಳಿತಳು, ಬೈಯುತ್ತಾಳೆಂದುಕೊಂಡೆ, ಬೈದಿದ್ದರೆ ಕೊಡುತ್ತಿರಲಿಲ್ಲ. ಕೊಡವ್ವ ಎಂದಳು, ನನ್ನನ್ನು, ಅವ್ವ ಎಂದಳು, ಚಿಕ್ಕವಳಿದ್ದಾಗ ಜ್ವರ ಬಂದರೆ ಮಾತ್ರ ಹಾಗೆ ಅನ್ನುತ್ತಿದ್ದಳು, ಕೊಡವ್ವ, ಚಳಿಯಲ್ಲಿ ನಿಂತಿರ್ತಾನೆ, ಹೋಗೋಕೂ ಆಗದೆ ಬರೋಕೂ ಆಗದೆ, ನನ್ನ ಮಗನ್ನ ಯಾಕೆ ನಿಲ್ಲಿಸ್ತೀಯಾ. ನನ್ನ ಕೈ ತಾನಾಗಿ ಮಡಿಕೆಗೆ ಹೋಯಿತು. ಅವ್ವ ಟೋಪಿಯನ್ನು ಮೂಗಿಗೆ ಒತ್ತಿಕೊಂಡಳು, ಇಷ್ಟೇ ಇಷ್ಟು ಹೊತ್ತು, ಆಮೇಲೆ ಒಂದು ಸೂಜಿ ಎಳೆದಳು, ಇನ್ನೊಂದು, ಹೊಳೆಯಲ್ಲಿ ಸೂಜಿ ಸಮೇತ ಮುಳುಗಿಸುವಂತಿಲ್ಲ, ಕಬ್ಬಿಣ ಕಾಲಿಗೆ ಕಟ್ಟಿದ ಹಾಗಾಗುತ್ತದಂತೆ, ಮುಗಿಯದ್ದನ್ನು ಬಿಚ್ಚಿ ನೂಲಾಗಿಸಿಯೇ ನೀರಿಗಿಡಬೇಕಂತೆ, ಸೂಜಿಯೆಲ್ಲ ನೆಲದ ಮೇಲೆ ಬಿದ್ದು ಸಣ್ಣ ಸದ್ದಾಯಿತು, ಅವ್ವ ತುದಿ ಹುಡುಕಿ ಎಳೆದಳು. ಎಷ್ಟು ಸುಲಭವಾಗಿ ಬಂತು. ರೆಕ್ಕೆ ಹೋಯಿತು, ಹೊಟ್ಟೆ ಹೋಯಿತು, ಸಾಲುಸಾಲಾಗಿ, ಒಂದೇ ಒಂದು ಗಂಟು ಸಿಕ್ಕಲಿಲ್ಲ, ನೋಡು ಎದಿಲ್ಮಾಳ ಅಪ್ಪಾ, ಒಂದು ಗಂಟಿಲ್ಲ, ಕಾಲುಗಳು ಕೊನೆಗೆ ಹೋದವು, ಅವ್ವನ ಮಡಿಲ ತುಂಬ ಕೆಂಪು ಬಿಳಿ ನೂಲು, ಕುಣಿಕೆಗಳ ಗುಂಗುರು ಇನ್ನೂ ಬಿಟ್ಟಿರಲಿಲ್ಲ, ನೂಲಿಗೆ ತಾನು ಏನಾಗಿದ್ದೆ ಎಂದು ನೆನಪಿತ್ತು. ಚಿಕ್ಕಮ್ಮ ಆ ಕಡೆ ತಿರುಗಿ ಆಲೂಗಡ್ಡೆ ಸುಲಿಯುತ್ತಿದ್ದಳು. ಅವ್ವ ಇಳಿದು ಹೋದಳು. ಸೆನೋಬಿಯೊ ಆ ನೂಲನ್ನು ಮುಳುಗಿಸಿದ್ದನ್ನು ಕಿಟಕಿಯಿಂದ ನೋಡಿದೆ, ಅಷ್ಟು ದೂರದಿಂದ ಒಂದು ಕೆಂಪು ಚುಕ್ಕೆ, ಆಮೇಲೆ ಎಲ್ಲರೂ ಎದ್ದು ಮೈಮೇಲಿನ ಬಟ್ಟೆ ಕೊಡವಿ ಹೊಳೆಗೆ ಬೆನ್ನು ಮಾಡಿ ನಡೆದರು, ಯಾರೂ ತಿರುಗಲಿಲ್ಲ, ತಿರುಗಬಾರದು.

ಕತ್ತಲಾಗುವ ಮುಂಚೆಯೇ ಊಟ, ಇವರು ಬೇಗ ಮಲಗುತ್ತಾರೆ, ದೀಪ ಹಚ್ಚಿದೆ, ಬಟ್ಟಲು ಇಟ್ಟೆ, ಸೂಪಿನ ಪಾತ್ರೆ ಎತ್ತಿಕೊಂಡು ಮೇಜಿನ ತುದಿಯಿಂದ ಶುರು ಮಾಡಿದೆ, ಹಬೆ ಮುಖಕ್ಕೆ ಬಡಿಯುತ್ತದೆ, ಅದು ಒಳ್ಳೆಯದು, ಮುಖ ಒದ್ದೆಯಾದರೆ ಯಾರೂ ಕೇಳುವುದಿಲ್ಲ. ಫೋರ್ತುನಾತೊ ಅತಿಥಿಗಳಿಗೆ ನಾಳೆಯ ದಾರಿ ಹೇಳುತ್ತಿದ್ದಾನೆ, ಕೈಯಿಂದ ಏರು ತೋರಿಸುತ್ತಾನೆ, ಇಳಿಜಾರು ತೋರಿಸುತ್ತಾನೆ, ಹಳೆಯ ಗೋಡೆ ತೋರಿಸುತ್ತಾನೆ, ಅವನೂ ಸೊರಗಿದ್ದಾನೆ, ನನ್ನ ಕಡೆ ನೋಡುವುದಿಲ್ಲ, ಬಂದಾಗಿನಿಂದ ನೋಡಿಲ್ಲ. ಕುದುರೆಯಾಳುಗಳು ಬಾಗಿಲ ಹತ್ತಿರ ತಟ್ಟೆ ಹಿಡಿದು ಕುಳಿತಿದ್ದಾರೆ. ಬಟ್ಟೆ ಒಣಗಿರಬಹುದೇ ಇಷ್ಟು ಹೊತ್ತಿಗೆ, ಇಲ್ಲ, ನೂಲು ಬೇಗ ಒಣಗುವುದಿಲ್ಲ, ಉಣ್ಣೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಇನ್ನೂ ಹೋಗಿಲ್ಲ ಅವನು, ಸ್ವಲ್ಪ ಹೊತ್ತು ಇದೆ, ನಾಳೆಯ ಬಿಸಿಲಿನವರೆಗೂ ಇದೆ. ಫೋರ್ತುನಾತೊನ ಪಕ್ಕ ಬಂದು ನಿಂತಿದ್ದೇನೆ, ಸೌಟು ಬಗ್ಗಿಸಬೇಕು, ಬಗ್ಗಿಸುತ್ತಿಲ್ಲ. ಫೋರ್ತುನಾತೊ ಅಣ್ಣ, ಎಂದೆ. ಈ ಕೋಣೆಯಲ್ಲಿ ನನ್ನ ದನಿಯನ್ನು ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ, ಎಷ್ಟು ತೆಳ್ಳಗಿದೆ. ನಾಳೆ ಘಟ್ಟದ ಮೇಲೆ ಹೋದಾಗ ನಿಕಾಸಿಯೋನನ್ನ ಒಂದು ಸಲ ಕರೀರಿ. ಬಾಗಿಲ ಹತ್ತಿರ ಚಮಚಗಳು ನಿಂತವು. ಯಾರೋ ಶಿಲುಬೆಯ ಗುರುತು ಮಾಡಿಕೊಂಡರು, ಅಡುಗೆಮನೆಯಲ್ಲಿ ಚಿಕ್ಕಮ್ಮನ ಚಾಕು ಕೂಡ ನಿಂತಿತು. ಫೋರ್ತುನಾತೊ ಬಟ್ಟಲಿನೊಳಗೆ ನೋಡುತ್ತಿದ್ದ, ಅದು ಖಾಲಿ. ಬಿಳಿ ಗಡ್ಡದ ಅತಿಥಿಯೊಬ್ಬ ನನ್ನ ಕಡೆ ನೋಡಿ ನಕ್ಕು ಅವನನ್ನು ಏನೋ ಕೇಳಿದ, ಏನಂತೆ ಆ ಹುಡುಗಿ ಎಂದಿರಬೇಕು, ಫೋರ್ತುನಾತೊ ಗಂಟಲು ಸರಿಮಾಡಿಕೊಂಡು ಒಂದು ಮಾತು ಹೇಳಿದ, ಆ ಒಂದು ಮಾತು ನನಗೆ ಅರ್ಥವಾಗುತ್ತದೆ, ದಿನವೂ ಕೇಳುವ ಮಾತು, ಇನ್ನೂ ಸೂಪು ಬೇಕಾ ಎನ್ನುವ ಮಾತು. ಬಟ್ಟಲುಗಳು ಬಂದವು, ಎರಡೂ ಕಡೆಯಿಂದ, ನಗುನಗುತ್ತ, ಒಂದರ ಹಿಂದೆ ಒಂದು, ನಾನು ಬಡಿಸಿದೆ, ಒಂದು ಸೌಟು, ಇನ್ನೊಂದು, ಚೆಲ್ಲಲಿಲ್ಲ, ಪಾತ್ರೆಯ ತಳ ಕಂಡಿತು, ತಿರುಗಿ ಅವನ ಪಕ್ಕಕ್ಕೇ ಬಂದು ನಿಂತೆ.

ಜೋರಾಗಿ ಬೇಡ ಅಣ್ಣ, ಮೆಲ್ಲಗೆ ಸಾಕು, ಒಂದೇ ಸಲ ಕರೀರಿ.